ಲೇಡೀಸ್ ಕೋಟು, ಬ್ಲೇಜರ್ ತರಿಸುತ್ತೀರಾ? ಆರ್ಡರ್ ಕೊಡುವ ಮೊದಲೇ ಕಸ್ಟಮ್ಸ್ ಕೋಡ್ ಹುಡುಕಿಕೊಳ್ಳಿ

ಬೆಳಗಾವಿಯ ಖಡೇಬಜಾರಿನಲ್ಲಿ ಯಾವ ಅಂಗಡಿಗೆ ಹೋಗಿ ‘ಲೇಡೀಸ್ ಸೂಟ್ ತೋರಿಸಿ’ ಅಂದರೂ ಅವರು ಗಾದಿಯ ಮೇಲೆ ಹಾಸುವುದು ಸಲ್ವಾರ್, ಕುರ್ತಾ, ಓಢಣಿಯ ಸೆಟ್. ‘ಡ್ರೆಸ್’ ಅಂದರೂ ಹೆಚ್ಚುಕಡಿಮೆ ಅದೇ ಬರುತ್ತದೆ. ಕಸ್ಟಮ್ಸ್‌ನವರ ಪುಸ್ತಕದಲ್ಲಿ ಸೂಟ್ ಅಂದರೆ ಬೇರೆ, ಡ್ರೆಸ್ ಅಂದರೆ ಇನ್ನೂ ಬೇರೆ. ನನ್ನ ಮೊದಲ ಆಮದು ಎಡವಿದ್ದು ಈ ಒಂದು ಪದದ ಮೇಲೆ.

ನಮ್ಮದು ಶಹಾಪುರದಲ್ಲಿ ಒಂದು ಸಣ್ಣ ಅಂಗಡಿ. ನಾನು, ನನ್ನ ನಾದಿನಿ ಸೇರಿ ನಡೆಸುತ್ತೇವೆ. ಕೋರ್ಟಿಗೆ ಹೋಗುವ ವಕೀಲೆಯರು, ಕಾಲೇಜಿನಲ್ಲಿ ಪಾಠ ಮಾಡುವವರು, ಇಂಟರ್‌ವ್ಯೂಗೆ ಹೊರಟ ಹುಡುಗಿಯರು ರೆಡಿಮೇಡ್ ಕೋಟು ಕೇಳಿಕೊಂಡು ಬರುತ್ತಿದ್ದರು. ಡಿಸೆಂಬರ್‌ನಲ್ಲಿ ನಮ್ಮೂರ ಚಳಿ ಗೊತ್ತಲ್ಲ. ಸುವರ್ಣಸೌಧದಲ್ಲಿ ಅಧಿವೇಶನ ಶುರುವಾದರಂತೂ ಬ್ಲೇಜರ್ ಕೇಳುವವರು ಜಾಸ್ತಿ. ಹೊರದೇಶದಿಂದ 400 ಬ್ಲೇಜರ್, ಜೊತೆಗೆ 400 ಪ್ಯಾಂಟು ತರಿಸಿದೆವು. ಮಾರಿದವರು ಬಿಲ್ಲಿನಲ್ಲಿ ‘ವಿಮೆನ್ಸ್ ಸೂಟ್, 400 ಸೆಟ್’ ಎಂದು ಬರೆದಿದ್ದರು. ಆಮದಿನ ಕಾಗದ ಹಾಕಿಕೊಡುವ ಕಸ್ಟಮ್ಸ್ ಬ್ರೋಕರ್ ಅದನ್ನೇ ನೋಡಿ ಸೂಟಿನ ಕೋಡ್ ಹಾಕಿದರು. ಬಂದರಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಬ್ಲೇಜರ್‌ಗೆ ಗುಂಡಿಯ ಬದಲು ಜಿಪ್ ಇತ್ತು. ಪ್ಯಾಂಟಿನ ಬಟ್ಟೆ ಬೇರೆ, ಬಣ್ಣವೂ ಒಂದು ಛಾಯೆ ತಿಳಿ. ಅದು ಸೂಟೇ ಅಲ್ಲ. ಕಾಗದ ತಿದ್ದುವ ಹೊತ್ತಿಗೆ ಮಾಲು ಅಲ್ಲೇ ಕೂತಿತ್ತು, ಬಾಡಿಗೆ ಏರುತ್ತಲೇ ಇತ್ತು. ತಪ್ಪು ಬ್ರೋಕರ್‌ದಲ್ಲ, ನನ್ನದೇ. ನಾನು ಬಿಲ್ಲು ಓದಿದ್ದೆ, ಬಟ್ಟೆ ನೋಡಿರಲಿಲ್ಲ.

ಅದಾದ ಮೇಲೆ ಒಂದು ರೂಢಿ ಮಾಡಿಕೊಂಡೆ. ಸ್ಯಾಂಪಲ್ ಮೇಜಿನ ಮೇಲೆ ಬರಬೇಕು, ಕೋಡ್ ನಾನೇ ಹುಡುಕಬೇಕು, ಆಮೇಲೆ ಆರ್ಡರ್. ಇದನ್ನು ಹೇಗೆ ಮಾಡುತ್ತೇನೆ ಅಂತ ಹಂತಹಂತವಾಗಿ ಹೇಳುತ್ತೇನೆ.

ಕೋಡ್ ಅಂದರೆ ಏನು

ಪ್ರಪಂಚದ ಹೆಚ್ಚಿನ ದೇಶಗಳು ಸರಕುಗಳಿಗೆ ಒಂದೇ ಪಟ್ಟಿ ಬಳಸುತ್ತವೆ. ಅದರಲ್ಲಿ ಸರಕಿಗಿರುವ ನಂಬರೇ ಕೋಡ್, ಸುಂಕ ನಿರ್ಧಾರವಾಗುವುದು ಅದರ ಮೇಲೆ. 1988ರಿಂದ ಜಾರಿಯಲ್ಲಿರುವ ಇದಕ್ಕೆ ಎಚ್‌ಎಸ್ (ಹಾರ್ಮೊನೈಸ್ಡ್ ಸಿಸ್ಟಮ್) ಅನ್ನುತ್ತಾರೆ. ವಿಶ್ವ ಕಸ್ಟಮ್ಸ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಮೊದಲ ಎರಡು ಅಂಕಿ ಚಾಪ್ಟರ್, ನಾಲ್ಕು ಅಂಕಿ ಸೇರಿದರೆ ಹೆಡಿಂಗ್, ಆರು ಸೇರಿದರೆ ಸಬ್‌ಹೆಡಿಂಗ್. ಇಲ್ಲಿಯವರೆಗೆ ಎಲ್ಲ ದೇಶಕ್ಕೂ ಒಂದೇ. ಕೊನೆಯ ಎರಡು ಅಂಕಿ ನಮ್ಮ ದೇಶದ್ದು. ನಮ್ಮಲ್ಲಿ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ ಎಂಟು ಅಂಕಿಯ ಪಟ್ಟಿ ಇದೆ, ಟ್ಯಾರಿಫ್ ಪುಸ್ತಕ ಅನ್ನುವುದು ಇದಕ್ಕೇ.

ಹಾಗಾಗಿ ಮಾರುವವರು ಕೊಟ್ಟ ಕೋಡ್ ಹತ್ತು ಅಂಕಿಯದ್ದಾಗಿದ್ದರೆ ಮೊದಲ ಆರು ಮಾತ್ರ ನೋಡಿ. ಉಳಿದದ್ದು ಅವರ ದೇಶದ ಲೆಕ್ಕ. ಆ ಆರನ್ನೂ ಸುಮ್ನೆ ನಂಬಬೇಡಿ. ಅವರಿಗೆ ರಫ್ತು ಆದರೆ ಸಾಕು, ಸುಂಕ ಕಟ್ಟುವವರು ನಾವು.

ಪಟ್ಟಿ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ಈಗ ನಡೆಯುತ್ತಿರುವುದು 2022ರ ಆವೃತ್ತಿ, ಮುಂದಿನದು 2028ರ ಜನವರಿ 1ರಿಂದ. ಹಳೆಯ ಪಿಡಿಎಫ್ ಇಟ್ಟುಕೊಂಡು ಕೋಡ್ ಹುಡುಕಬೇಡಿ. ಉದಾಹರಣೆಗೆ, ಹೆಂಗಸರ ಓವರ್‌ಕೋಟಿನ 6202 ಹೆಡಿಂಗ್‌ನ ಒಳಗಿನ ಸಾಲುಗಳು 2022ರಲ್ಲಿ ಪೂರ್ತಿ ಬದಲಾಗಿವೆ.

ಮೊದಲ ಪ್ರಶ್ನೆ: ನೇಯ್ದದ್ದೋ, ಹೆಣೆದದ್ದೋ

ಚಾಪ್ಟರ್ 61 ಹೆಣೆದ ಬಟ್ಟೆಯ ಉಡುಪಿಗೆ, 62 ಹೆಣೆಯದ ಬಟ್ಟೆಯ ಉಡುಪಿಗೆ. ಹೆಣೆದದ್ದು ಅಂದರೆ ಬನಿಯನ್ ಬಟ್ಟೆಯ ಜಾತಿ, ಕುಣಿಕೆಯೊಳಗೆ ಕುಣಿಕೆ. ನೇಯ್ದದ್ದು ಅಂದರೆ ಹಾಸು-ಹೊಕ್ಕು. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವಡಗಾವಿಯ ಯಾವ ಓಣಿಗೆ ಹೋದರೂ ಮಗ್ಗದ ಸಪ್ಪಳ ಕೇಳುತ್ತದೆ. ಆದರೂ ಜನ ಮೋಸ ಹೋಗುವುದು ಇಲ್ಲೇ.

ಯಾಕೆಂದರೆ ಈಗ ಪೊಂಟೆ ಅನ್ನುವ ಬಟ್ಟೆಯ ಬ್ಲೇಜರ್ ಬಹಳ ಬರುತ್ತಿದೆ. ದಪ್ಪ, ನೀಟಾದ ಕಾಲರ್, ಒಳಗೆ ಬಕ್ರಂ. ದೂರದಿಂದ ನೋಡಿದರೆ ಪಕ್ಕಾ ಮಗ್ಗದ ಬಟ್ಟೆ ಅನಿಸುತ್ತದೆ. ಆದರೆ ಅದು ಹೆಣೆದ ಬಟ್ಟೆ, ಆದ್ದರಿಂದ ಚಾಪ್ಟರ್ 61, ಹೆಡಿಂಗ್ 6104. ಇದಕ್ಕೆ ತಿರುಗುಮುರುಗಾಗಿ, ಎಲಾಸ್ಟೇನ್ ಅನ್ನುವ ಹಿಗ್ಗುವ ನೂಲು ಸೇರಿಸಿ ನೇಯ್ದ ಬಟ್ಟೆ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. ಅದು ನೇಯ್ದದ್ದೇ, 6204. ಎಳೆದರೆ ಹಿಗ್ಗುತ್ತದೆ ಅನ್ನುವುದು ಗುರುತಲ್ಲ.

ಭೂತಗನ್ನಡಿ ಹಿಡಿದು ನೋಡಿ. ಹೊಲಿಗೆಯ ಒಳಗಿನ ಕತ್ತರಿಸಿದ ಅಂಚಿನಿಂದ ಒಂದೆರಡು ಎಳೆ ಬಿಡಿಸಿ. ನೇರವಾದ ಎಳೆಗಳು ಉದ್ದಕ್ಕೂ ಅಡ್ಡಕ್ಕೂ ಬೇರೆಬೇರೆಯಾಗಿ ಬಂದರೆ ನೇಯ್ದದ್ದು. ಅಲೆಅಲೆಯಾಗಿ ಕುಣಿಕೆ ಬಿಚ್ಚಿಕೊಂಡರೆ ಹೆಣೆದದ್ದು. ಎರಡು ನಿಮಿಷದ ಕೆಲಸ.

ಬಟ್ಟೆ ಅಲ್ಲದ್ದೂ ಇರುತ್ತದೆ. ಅಸಲಿ ಚರ್ಮದ ಜಾಕೆಟ್ ಚಾಪ್ಟರ್ 42ಕ್ಕೆ ಹೋಗುತ್ತದೆ, 4203. ನೇಯ್ದ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಕಣ್ಣಿಗೆ ಕಾಣುವ ಹಾಗೆ ಇರುವ, ಚರ್ಮದಂತೆ ಮಿರಮಿರ ಮಿಂಚುವ ಜಾಕೆಟ್‌ಗೆ 6210 ನೋಡಿ. ಇನ್ನು ಹಳೆಯ ಕೋಟುಗಳನ್ನು ಬೇಲ್ ಕಟ್ಟಿ ತರಿಸುವ ಯೋಚನೆ ಇದ್ದರೆ ಅದು 6309, ಅದಕ್ಕೆ ಲೈಸೆನ್ಸ್ ಬೇಕು. ಆ ದಾರಿಯ ಗೊಡವೆ ಬೇಡ.

ಹೆಂಗಸರದ್ದೋ, ಗಂಡಸರದ್ದೋ

ಇದು ಸುಲಭ. ಮುಂದೆ ಗುಂಡಿ ಇರುವ ಉಡುಪಿನಲ್ಲಿ, ಹಾಕಿಕೊಂಡವರ ಬಲಗಡೆಯ ಅಂಚು ಎಡದ ಮೇಲೆ ಬಂದರೆ ಹೆಂಗಸರದ್ದು. ಅಂದರೆ ಕಾಜ ಬಲಕ್ಕೆ, ಗುಂಡಿ ಎಡಕ್ಕೆ. ಎಡ ಬಲದ ಮೇಲೆ ಬಂದರೆ ಗಂಡಸರದ್ದು. ಆದರೆ ಕಟಿಂಗ್ ನೋಡಿದರೆ ಯಾರದ್ದೆಂದು ಸ್ಪಷ್ಟವಾಗಿ ತಿಳಿಯುತ್ತದೆ ಎಂದಾದರೆ ಗುಂಡಿಯ ನಿಯಮ ಲೆಕ್ಕಕ್ಕಿಲ್ಲ. ಎದೆಗೆ ಡಾರ್ಟ್ (ಮಡಚಿ ಹೊಲಿದ ಗೆರೆ) ಕೊಟ್ಟು ಸೊಂಟಕ್ಕೆ ಹಿಡಿದು ಹೊಲಿದ ಕೋಟಿನಲ್ಲಿ ಕಾಜ ಎಡಕ್ಕಿದ್ದರೂ ಅದು ಹೆಂಗಸರದ್ದೇ. ಯಾವುದೂ ತಿಳಿಯದಿದ್ದರೆ, ಯೂನಿಸೆಕ್ಸ್ ಅಂತಾರಲ್ಲ ಅಂಥದ್ದಾದರೆ, ಅದನ್ನೂ ಹೆಂಗಸರ ಹೆಡಿಂಗ್‌ಗೇ ಹಾಕಬೇಕು. ಇದು ಚಾಪ್ಟರ್‌ನ ಶುರುವಿಗೆ ಕೊಟ್ಟಿರುವ ನಿಯಮಗಳಲ್ಲೇ, ಅಂದರೆ ಚಾಪ್ಟರ್ ನೋಟಿನಲ್ಲೇ ಇದೆ. ಪುಸ್ತಕ ಮಾಡಿದವರು ಹೆಂಗಸರ ಹೆಡಿಂಗನ್ನೇ ಯಾಕೆ ಆರಿಸಿಕೊಂಡರೋ, ಓದಿದಾಗ ನನಗೆ ನಗು ಬಂತು.

ಯಾವ ಉಡುಪು: ಹೆಚ್ಚು ಹೊತ್ತು ಕೂರಬೇಕಾದ ಜಾಗ

6204ರ ಒಳಗೆ ಸೂಟ್, ಎನ್‌ಸೆಂಬಲ್, ಜಾಕೆಟ್ ಮತ್ತು ಬ್ಲೇಜರ್, ಡ್ರೆಸ್, ಸ್ಕರ್ಟ್, ಪ್ಯಾಂಟು ಎಲ್ಲ ಇವೆ. ಹೆಡಿಂಗ್ ಒಂದೇ ಆದರೂ ಸಬ್‌ಹೆಡಿಂಗ್ ಬೇರೆ, ಸುಂಕದ ಸಾಲೂ ಬೇರೆ. ಒಂದೊಂದಾಗಿ ನೋಡೋಣ.

ಸೂಟ್ ಎನಿಸಿಕೊಳ್ಳಲು ಷರತ್ತು ಬಹಳ. ಎರಡು ಅಥವಾ ಮೂರು ಉಡುಪು ಇರಬೇಕು: ಮೇಲಕ್ಕೊಂದು ಕೋಟು, ಕೆಳಕ್ಕೊಂದು ಪ್ಯಾಂಟು ಅಥವಾ ಸ್ಕರ್ಟ್, ಬೇಕಿದ್ದರೆ ಜೊತೆಗೊಂದು ವೇಸ್ಟ್‌ಕೋಟು. ಹೊರಗಿನ ಬಟ್ಟೆ ಎಲ್ಲದಕ್ಕೂ ಒಂದೇ ಆಗಿರಬೇಕು. ನೇಯ್ಗೆ, ಬಣ್ಣ, ನೂಲಿನ ಮಿಶ್ರಣ ಎಲ್ಲ ಒಂದೇ. ಶೈಲಿಯೂ ಒಂದೇ, ಅಳತೆ ಒಂದಕ್ಕೊಂದು ಹೊಂದಬೇಕು. ಹೊಲಿಗೆಯ ಸಂದಿಯಲ್ಲಿ ಬೇರೆ ಬಟ್ಟೆಯ ಪೈಪಿಂಗ್ ಇದ್ದರೆ ಅಡ್ಡಿ ಇಲ್ಲ. ಕೋಟಿನ ಹೊರಮೈ, ತೋಳು ಬಿಟ್ಟು, ಕನಿಷ್ಠ ನಾಲ್ಕು ಪ್ಯಾನಲ್‌ಗಳದ್ದಾಗಿರಬೇಕು, ಅಂದರೆ ಬೇರೆಬೇರೆಯಾಗಿ ಕತ್ತರಿಸಿದ ತುಂಡುಗಳದ್ದು. ಎಚ್‌ಎಸ್‌ನ ವಿವರಣಾ ಟಿಪ್ಪಣಿಯ ಪ್ರಕಾರ ಇದರಲ್ಲಿ ಎರಡು ಮುಂದೆ, ಎರಡು ಹಿಂದೆ, ಉದ್ದಕ್ಕೆ ಜೋಡಿಸಿ ಹೊಲಿದಿರಬೇಕು. ಮುಂದೆ ಪೂರ್ತಿ ತೆರೆದುಕೊಳ್ಳಬೇಕು, ಆದರೆ ಜಿಪ್ ಇರಬಾರದು. ಉದ್ದ ತೊಡೆಯ ನಡುಭಾಗ ದಾಟಬಾರದು.

ಪ್ಯಾನಲ್ ಎಣಿಸುವುದು ನನಗೆ ಮೊದಲು ತಲೆಗೆ ಹೋಗಲಿಲ್ಲ. ಸ್ಯಾಂಪಲ್ ಹಿಡಿದುಕೊಂಡು ನಮ್ಮ ಓಣಿಯ ಟೇಲರ್ ಕಾಕಾರ ಹತ್ತಿರ ಹೋದೆ. ಅವರು ಕೋಟನ್ನು ಒಳಮೈ ಹೊರಗೆ ಮಾಡಲಿಲ್ಲ. ಮೇಜಿನ ಮೇಲೆ ಅಂಗಾತ ಹಾಸಿ, ಸೀಮೆಸುಣ್ಣದಿಂದ ಪ್ರತಿ ಹೊಲಿಗೆಯ ಗೆರೆಯ ಪಕ್ಕ ಒಂದೊಂದು ಚುಕ್ಕೆ ಇಟ್ಟರು.

‘ಮುಂದ ಎರಡು, ಹಿಂದ ಎರಡು, ಬಗಲಾಗ ಒಂದೊಂದು. ಆರು ತುಂಡು ಆದವು ನೋಡವಾ. ಇದು ಕೋಟೇ.’

‘ಕಾಲರ್ ಎಣಿಸೂದು ಬ್ಯಾಡೇನ್ರೀ ಕಾಕಾ?’

‘ಕಾಲರ್ ಯಾಕ? ಮೈ ಮುಚ್ಚೂ ತುಂಡಷ್ಟ ಎಣಿಸು. ಡಾರ್ಟ್ ಸುದ್ದಾ ಎಣಿಸಬ್ಯಾಡ, ಅದು ಮಡಚಿ ಹೊಲದದ್ದು, ತುಂಡಲ್ಲ.’

ಟ್ಯಾರಿಫ್ ಪುಸ್ತಕ ಕಾಕಾರು ಕಣ್ಣಲ್ಲೂ ನೋಡಿದವರಲ್ಲ. ಆದರೆ ಪುಸ್ತಕ ಹೇಳುವುದನ್ನೇ ಹೇಳಿದರು. ಡಾರ್ಟ್ ಮತ್ತು ಪ್ಯಾನಲ್ ನಡುವಿನ ಈ ವ್ಯತ್ಯಾಸ ನೆನಪಿಡಿ. ಕೋಟಿನ ಫೋಟೋದಲ್ಲಿ ಎರಡೂ ಒಂದೇ ಗೆರೆಯಂತೆ ಕಾಣುತ್ತವೆ.

ಜಾಕೆಟ್ ಮತ್ತು ಬ್ಲೇಜರ್‌ಗೂ ಸೂಟಿನ ಕೋಟಿನ ಗುಣಗಳೇ ಇರಬೇಕು. ಆದರೆ ಪ್ಯಾನಲ್ ಮೂರಿದ್ದರೂ ನಡೆಯುತ್ತದೆ, ಅದರಲ್ಲಿ ಎರಡು ಮುಂದೆ. ಬೆನ್ನಿಗೆ ಒಂದೇ ತುಂಡಿರುವ ಕೋಟು ಇಲ್ಲಿಗೆ ಬರುತ್ತದೆ. ನನ್ನ ಜಿಪ್ಪಿನ ‘ಬ್ಲೇಜರ್’ ನೆನಪಿದೆಯಲ್ಲ? ಅಂಗಡಿಯಲ್ಲಿ ಅದಕ್ಕೆ ಏನೇ ಹೆಸರಿಡಿ, ಟೇಲರಿಂಗ್ ಕೋಟಿನ ಗುಣ ಇಲ್ಲದಿದ್ದರೆ ಪುಸ್ತಕದಲ್ಲಿ ಅದು ಬ್ಲೇಜರ್ ಅಲ್ಲ. ಚಳಿ-ಗಾಳಿಗೆ ಮೇಲಿಂದ ಹಾಕಿಕೊಳ್ಳುವ ಜಾಕೆಟ್ ಆಗಿದ್ದರೆ 6202 ನೋಡಬೇಕು. ಉದ್ದದ ಓವರ್‌ಕೋಟೂ ಅಲ್ಲಿಗೇ ಹೋಗುತ್ತದೆ. ಒಳಗೆ ಬ್ಲೇಜರ್ ಹಾಕಿಕೊಂಡು ಇದನ್ನು ಮೇಲೆ ಹಾಕಿಕೊಳ್ಳಬಹುದಾ? ಹೌದು ಎಂದಾದರೆ 6202ರ ಕಡೆ ವಾಲುತ್ತದೆ.

ಎನ್‌ಸೆಂಬಲ್ ಅನ್ನುವುದಕ್ಕೆ ನಮ್ಮಲ್ಲಿ ಹೆಸರಿಲ್ಲ. ಕೋ-ಆರ್ಡ್ ಸೆಟ್ ಅಂತ ಹುಡುಗಿಯರು ಕೇಳುತ್ತಾರಲ್ಲ, ಹೆಚ್ಚುಕಡಿಮೆ ಅದು. ಒಂದೇ ಬಟ್ಟೆಯ ಮೇಲುಡುಪು ಒಂದು, ಕೆಳಗಿನದು ಒಂದು ಅಥವಾ ಎರಡು, ಚಿಲ್ಲರೆ ಮಾರಾಟಕ್ಕೆ ಒಟ್ಟಿಗೆ ಪ್ಯಾಕ್ ಆಗಿರಬೇಕು. ಇಲ್ಲೂ ಬಟ್ಟೆ, ಬಣ್ಣ, ಮಿಶ್ರಣ ಒಂದೇ ಇರಬೇಕು. ಮೇಲೆ ಹೂವಿನ ಪ್ರಿಂಟು, ಕೆಳಗೆ ಪ್ಲೇನ್ ಇದ್ದರೆ ಎನ್‌ಸೆಂಬಲ್ ಆಗುವುದಿಲ್ಲ. ಒಂದೇ ಕವರಿನಲ್ಲಿ ಬಂದಿದ್ದರೂ ಎರಡಕ್ಕೂ ಬೇರೆಬೇರೆ ಕೋಡ್. ಉಡುಪಿನ ವಿಷಯದಲ್ಲಿ ಇದು ಖಡಕ್ ನಿಯಮ: ಬೇರೆ ಹೆಡಿಂಗ್‌ನ ಉಡುಪುಗಳನ್ನು ಸೆಟ್ ಮಾಡಿ ಪ್ಯಾಕ್ ಮಾಡಿದರೂ ಅವು ತಮ್ಮತಮ್ಮ ಹೆಡಿಂಗ್‌ಗೇ ಹೋಗುತ್ತವೆ. ಬ್ಲೇಜರ್ ಜೊತೆ ಶರ್ಟ್ ಸೇರಿಸಿ ಕಳಿಸಿದರೆ ಶರ್ಟಿಗೆ 6206.

ಒಂದು ವಿಚಿತ್ರ ಕೇಳಿ. ಕೋಟಿನ ಜೊತೆ ಅದೇ ಬಟ್ಟೆಯ ಸ್ಕರ್ಟೂ ಪ್ಯಾಂಟೂ ಎರಡೂ ಬಂದರೆ? ಹೆಂಗಸರ ಸೂಟಿನಲ್ಲಿ ಕೋಟು ಮತ್ತು ಸ್ಕರ್ಟ್ ಸೇರಿ ಸೂಟ್. ಪ್ಯಾಂಟಿಗೆ ಪ್ರತ್ಯೇಕ ಕೋಡ್. ವಿಮಾನದ ಸಿಬ್ಬಂದಿ, ಹೋಟೆಲ್ ರಿಸೆಪ್ಷನ್ ಥರದ ಯೂನಿಫಾರ್ಮ್ ತರಿಸುವವರಿಗೆ ಇದು ಎದುರಾಗುತ್ತದೆ.

ಡ್ರೆಸ್ ಅಂದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಉಡುಪು, ನಾವು ಫ್ರಾಕು, ಗೌನು ಅನ್ನುತ್ತೇವಲ್ಲ ಅದು. ಸಲ್ವಾರ್-ಕುರ್ತಾ ಅಲ್ಲ. ಹತ್ತಿಯ ಕುರ್ತಾ-ಸಲ್ವಾರ್ ಜೋಡಿಗೆ 6211ರಲ್ಲಿ ನಮ್ಮ ದೇಶದ ಟ್ಯಾರಿಫ್ ಬೇರೆ ಸಾಲನ್ನೇ ಇಟ್ಟಿದೆ.

ಬ್ಲೌಸ್ ಪದದ್ದೂ ಇದೇ ಕಥೆ. ನಮಗೆ ಬ್ಲೌಸ್ ಅಂದರೆ ಗುಳೇದಗುಡ್ಡ ಖಣದ ಕುಪ್ಪಸ. 6206ರಲ್ಲಿ ಬ್ಲೌಸ್ ಅಂದರೆ ಹೆಂಗಸರ ಶರ್ಟಿನಂಥ ಮೇಲಂಗಿಯೂ ಸೇರಿತು. ಸೊಂಟದ ಕೆಳಗೆ ಜೇಬಿದ್ದರೆ, ಅಥವಾ ಕೆಳ ಅಂಚಿಗೆ ಬಿಗಿಯುವ ಲಾಡಿ, ಎಲಾಸ್ಟಿಕ್ ಇದ್ದರೆ 6206 ಆಗುವುದಿಲ್ಲ. ಕೆಳ ಜೇಬಿನ ತೆಳುವಾದ ‘ಶಾಕೆಟ್’ (ಶರ್ಟಿನಂಥ ಜಾಕೆಟ್) ತರಿಸುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಯಾವ ನೂಲು, ಎಷ್ಟು

ಉಡುಪು ಯಾವುದೆಂದು ಗೊತ್ತಾದ ಮೇಲೆ 6204ರಲ್ಲಿ ಆರನೇ ಅಂಕಿಯನ್ನು ನೂಲು ನಿರ್ಧರಿಸುತ್ತದೆ. ಜಾಕೆಟ್‌ನ ಉದಾಹರಣೆ: ಉಣ್ಣೆಯದ್ದು 6204 31, ಹತ್ತಿಯದ್ದು 6204 32, ಸಿಂಥೆಟಿಕ್‌ದು 6204 33, ಬೇರೆ ಎಲ್ಲ 6204 39. ಸೂಟಿಗೆ 11, 12, 13, 19. ಪ್ಯಾಂಟಿಗೆ 61, 62, 63, 69. ಕ್ರಮ ಒಂದೇ ಥರ ಇದೆ, ಬೇಗ ಬಾಯಿಗೆ ಬರುತ್ತದೆ.

ಇಲ್ಲಿ ಎರಡು ಮಾತು. ಮೊದಲನೆಯದು, ಲೆಕ್ಕಕ್ಕೆ ಬರುವುದು ಉಡುಪಿಗೆ ಅದರ ಸ್ವರೂಪ ಕೊಡುವ ಭಾಗ. ಕೋಟಿನಲ್ಲಿ ಅದು ಹೊರಮೈ ಬಟ್ಟೆ. ಒಳಗಿನ ಅಸ್ತರು, ಬಕ್ರಂ, ಭುಜದ ಪ್ಯಾಡು ಸೇರಿಸಬೇಡಿ. ಕೆಲವರು ಇಡೀ ಕೋಟಿನ ತೂಕಕ್ಕೆ ನೂಲಿನ ಶೇಕಡಾವಾರು ಬರೆದು ಕಳಿಸುತ್ತಾರೆ. ಅಸ್ತರು ಪಾಲಿಯೆಸ್ಟರ್ ಆಗಿದ್ದರೆ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಹೊರಮೈಯದ್ದು ಬೇರೆ, ಅಸ್ತರಿನದ್ದು ಬೇರೆ ಬರೆದುಕೊಡಿ ಅಂತ ಕೇಳಿ.

ಎರಡನೆಯದು, ವಿಸ್ಕೋಸ್ ಸಿಂಥೆಟಿಕ್ ಅಲ್ಲ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್, ಎಲಾಸ್ಟೇನ್ ಸಿಂಥೆಟಿಕ್. ವಿಸ್ಕೋಸ್ ಬರುವುದು ಮರದ ತಿರುಳಿನಿಂದ, ಪುಸ್ತಕ ಅದಕ್ಕೆ ಆರ್ಟಿಫಿಷಿಯಲ್ ಅನ್ನುತ್ತದೆ. ಪೂರ್ತಿ ವಿಸ್ಕೋಸ್‌ನ ಜಾಕೆಟ್ 6204 39ಕ್ಕೆ ಹೋಗುತ್ತದೆ. ಡ್ರೆಸ್ ಆದರೆ ಅದಕ್ಕೆ ಬೇರೆ ಮನೆಯೇ ಇದೆ, 6204 44.

ಮಿಶ್ರಣ ಇದ್ದರೆ ತೂಕದಲ್ಲಿ ಯಾವುದು ಜಾಸ್ತಿಯೋ ಇಡೀ ಉಡುಪು ಅದರದ್ದೇ ಎಂದು ಲೆಕ್ಕ. ಅರ್ಧಕ್ಕಿಂತ ಜಾಸ್ತಿ ಇರಬೇಕು ಅಂತಿಲ್ಲ, ಉಳಿದ ಒಂದೊಂದಕ್ಕಿಂತ ಜಾಸ್ತಿ ಇದ್ದರೆ ಸಾಕು. ಲೇಬಲ್ ಮೇಲೆ ‘ವುಲ್ ಬ್ಲೆಂಡ್’ ಎಂದು ದೊಡ್ಡದಾಗಿ ಬರೆದು ಉಣ್ಣೆ 30, ಪಾಲಿಯೆಸ್ಟರ್ 70 ಇದ್ದರೆ ಅದು ಸಿಂಥೆಟಿಕ್ ಕೋಟು.

ಈಗ ಸ್ವಲ್ಪ ಜಾಣತನದ ಲೆಕ್ಕ. ಉಣ್ಣೆ 40, ಪಾಲಿಯೆಸ್ಟರ್ 35, ವಿಸ್ಕೋಸ್ 25. ನೋಡಿದ ಕೂಡಲೇ ಉಣ್ಣೆ ಅನಿಸುತ್ತದೆ, ಅಲ್ವಾ? ಅಲ್ಲ. ಮೊದಲು ಚಾಪ್ಟರ್ ಮಟ್ಟದಲ್ಲಿ ತೂಗಬೇಕು. ಪಾಲಿಯೆಸ್ಟರ್, ವಿಸ್ಕೋಸ್ ಎರಡೂ ಮನುಷ್ಯ ಮಾಡಿದ ನೂಲು. ಅವುಗಳ ಚಾಪ್ಟರ್ 54, 55ನ್ನು ಒಂದೇ ಎಂದು ಹಿಡಿಯಬೇಕು. ಎರಡೂ ಸೇರಿ 60, ಉಣ್ಣೆಗಿಂತ ಜಾಸ್ತಿ. ಉಣ್ಣೆ ಅಲ್ಲಿಗೆ ಹೊರಗೆ ಹೋಯಿತು. ಆಮೇಲೆ ಅವೆರಡರ ನಡುವೆ ತೂಗಿದರೆ ಪಾಲಿಯೆಸ್ಟರ್ ಜಾಸ್ತಿ. ಕೊನೆಗೆ ಕೋಟು ಸಿಂಥೆಟಿಕ್. ಈ ಲೆಕ್ಕ ಜವಳಿಯ ವಿಭಾಗ 11ರ ನೋಟಿನಲ್ಲಿದೆ. ಅನುಭವಿಗಳೂ ಇಲ್ಲಿ ಜಾರುತ್ತಾರೆ.

ಹತ್ತಿ 50, ಪಾಲಿಯೆಸ್ಟರ್ 50 ಇದ್ದರೆ? ಸಮಸಮ ಇದ್ದಾಗ ಪುಸ್ತಕದಲ್ಲಿ ಕೊನೆಗೆ ಬರುವುದು ಗೆಲ್ಲುತ್ತದೆ. ಹತ್ತಿ ಚಾಪ್ಟರ್ 52, ಪಾಲಿಯೆಸ್ಟರ್ ಅದರ ನಂತರ. ಆದ್ದರಿಂದ ಸಿಂಥೆಟಿಕ್.

ನಂಬಿಕೆ ಬಾರದಿದ್ದರೆ ಲ್ಯಾಬ್‌ಗೆ ಕೊಡಿ. ಕೇಂದ್ರ ಜವಳಿ ಸಚಿವಾಲಯದ ಅಡಿಯ ಟೆಕ್ಸ್‌ಟೈಲ್ಸ್ ಕಮಿಟಿಯ ಲ್ಯಾಬ್‌ಗಳು ನೂಲಿನ ಪರೀಕ್ಷೆ ಮಾಡುತ್ತವೆ. ಒಂದು ಉಡುಪು ಕತ್ತರಿಗೆ ಹೋಗುತ್ತದೆ, ಹೋಗಲಿ.

ಎಂಟು ಅಂಕಿ, ಆಮೇಲೆ ಸುಂಕ

ಆರು ಅಂಕಿ ಸಿಕ್ಕ ಮೇಲೆ ನಮ್ಮ ಟ್ಯಾರಿಫ್ ತೆರೆದು ಕೊನೆಯ ಎರಡು ಅಂಕಿ ನೋಡಿ. ಕೆಲವು ಕಡೆ ಸೊನ್ನೆ ಸೊನ್ನೆ ಅಷ್ಟೇ, ಕೆಲವು ಕಡೆ ಒಳಸಾಲು ಇರುತ್ತವೆ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಟ್ಯಾರಿಫ್ ಸಿಗುತ್ತದೆ, ಕಸ್ಟಮ್ಸ್‌ನವರ ಐಸ್‌ಗೇಟ್ ಪೋರ್ಟಲ್‌ನಲ್ಲಿ ಕೋಡ್ ಹಾಕಿ ಸುಂಕದ ಲೆಕ್ಕವನ್ನೂ ನೋಡಬಹುದು. ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ವಿವರ ಸಲ್ಲಿಸುವ ಕಾಗದ, ಹಾಕುವ ದಿನದ ದರವನ್ನೇ ನೋಡಿ, ಹೋದ ವರ್ಷದ್ದನ್ನಲ್ಲ.

ಸಿದ್ಧ ಉಡುಪಿನ ಹಲವು ಸಾಲುಗಳಲ್ಲಿ ಸುಂಕ ಒಂದು ವಿಶೇಷ ರೀತಿಯಲ್ಲಿ ಬರೆದಿರುತ್ತದೆ: ಬೆಲೆಯ ಇಷ್ಟು ಶೇಕಡಾ, ಅಥವಾ ನಗಕ್ಕೆ (ಒಂದೊಂದು ಉಡುಪಿಗೆ) ಇಷ್ಟು ರೂಪಾಯಿ, ಯಾವುದು ಜಾಸ್ತಿಯೋ ಅದು. ಅಗ್ಗದ ಮಾಲು ತರಿಸುವವರಿಗೆ ಎರಡನೆಯದು ಕುತ್ತಿಗೆಗೆ ಬರುತ್ತದೆ. ಲೆಕ್ಕ ತಿಳಿಯಲಿ ಅಂತ ಮಾತ್ರ, ದರ ಶೇ 20 ಅಥವಾ ನಗಕ್ಕೆ 300 ರೂಪಾಯಿ ಎಂದುಕೊಳ್ಳೋಣ. ಒಂದು ಕೋಟಿನ ಬೆಲೆ, ಸಾಗಣೆ ಮತ್ತು ವಿಮೆ ಸೇರಿ, 1,000 ರೂಪಾಯಿ. ಶೇ 20 ಅಂದರೆ 200, ಆದ್ದರಿಂದ 300 ಕಟ್ಟಬೇಕು. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, 30 ರೂಪಾಯಿ. ಎಲ್ಲ ಸೇರಿ 1,330. ಅದರ ಮೇಲೆ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ) ಶೇ 5, ಅಂದರೆ 66.50. ಒಟ್ಟು ತೆರಿಗೆ 396.50. ನಗದ ಲೆಕ್ಕ ಇಲ್ಲದ ಸಾಲಾಗಿದ್ದರೆ 200, 20, 61 ಸೇರಿ 281 ಆಗುತ್ತಿತ್ತು. ಒಂದು ಕೋಟ್‌ಗೆ 115.50 ವ್ಯತ್ಯಾಸ, 400 ಕೋಟುಗಳಿಗೆ 46,200. ಒಂದು ತಿಂಗಳ ಅಂಗಡಿ ಬಾಡಿಗೆ ಅಲ್ಲೇ ಹೋಯಿತು.

ಜಿಎಸ್‌ಟಿ ದರ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ನಗಕ್ಕೆ 2,500 ರೂಪಾಯಿವರೆಗಿನ ಉಡುಪಿಗೆ ಶೇ 5, ಅದಕ್ಕಿಂತ ಮೇಲಿದ್ದರೆ ಶೇ 18. ಜಿಎಸ್‌ಟಿಯಲ್ಲಿ ನೋಂದಣಿ ಇದ್ದರೆ ಐಜಿಎಸ್‌ಟಿ ಆಮೇಲೆ ಕ್ರೆಡಿಟ್ ಆಗಿ ಸಿಗುತ್ತದೆ. ಮೂಲ ಸುಂಕ, ಸರ್‌ಚಾರ್ಜ್ ಮಾತ್ರ ಕೈಬಿಟ್ಟದ್ದೇ.

ಸಾಗಣೆ ಖರ್ಚಿನ ಕಾಗದ ಇಲ್ಲದಿದ್ದರೆ ಕಸ್ಟಮ್ಸ್‌ನವರು ಎಫ್‌ಒಬಿ ಬೆಲೆಯ (ಹಡಗಿಗೆ ಹತ್ತಿಸುವವರೆಗಿನ ಬೆಲೆಯ) ಶೇ 20 ಸಾಗಣೆಗೆ, ಶೇ 1.125 ವಿಮೆಗೆ ಎಂದು ತಾವೇ ಸೇರಿಸಿಕೊಳ್ಳುತ್ತಾರೆ. ಹಡಗಿನ ನಿಜವಾದ ಬಾಡಿಗೆ ಅದಕ್ಕಿಂತ ಕಡಿಮೆ ಇರುವುದೇ ಹೆಚ್ಚು. ರಸೀದಿ ಇಟ್ಟುಕೊಳ್ಳಿ.

ಮಾಲಿನ ಜೊತೆ ಬೇಕಾದ ಉಳಿದ ಕಾಗದ

ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರದ ಡಿಜಿಎಫ್‌ಟಿಯಿಂದ ಐಇಸಿ, ಅಂದರೆ ಆಮದು-ರಫ್ತು ಮಾಡುವವರ ನಂಬರ್ ಮೊದಲು ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ಮರೆತರೆ ಅದು ನಿಂತುಹೋಗುತ್ತದೆ. ಬಟ್ಟೆಯಲ್ಲಿ ನಿಷೇಧಿತ ಏಜೋ ಬಣ್ಣ ಇಲ್ಲವೆಂದು ಮಾನ್ಯತೆ ಇರುವ ಲ್ಯಾಬಿನ ಸರ್ಟಿಫಿಕೇಟ್ ಮಾಲು ಹೊರಡುವ ಮೊದಲೇ ಮಾರುವವರಿಂದ ತರಿಸಿಕೊಳ್ಳಿ. ಇಲ್ಲದಿದ್ದರೆ ಇಲ್ಲಿ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ದಿನ ಹೋಗುತ್ತದೆ. ಪ್ಯಾಕ್ ಆದ ಮಾಲಿನ ಮೇಲೆ ಆಮದುದಾರರ ಹೆಸರು-ವಿಳಾಸ, ಎಂಆರ್‌ಪಿ, ಯಾವ ದೇಶದ್ದು ಎನ್ನುವ ಲೇಬಲ್ ಬೇಕು.

ಬಾಂಗ್ಲಾದೇಶದಿಂದ ತರಿಸುವವರಿಗೆ ಸಾಫ್ಟಾ ಅನ್ನುವ ದಕ್ಷಿಣ ಏಷ್ಯಾ ದೇಶಗಳ ವ್ಯಾಪಾರ ಒಪ್ಪಂದದಡಿ ಸುಂಕದ ರಿಯಾಯಿತಿ ಇದೆ. ಆದರೆ ಮೂಲದ ಸರ್ಟಿಫಿಕೇಟ್ ಒಂದಿದ್ದರೆ ಆಗಲಿಲ್ಲ. 2020ರ ನಿಯಮದಂತೆ, ಉಡುಪು ನಿಜವಾಗಿ ಅಲ್ಲೇ ತಯಾರಾಯಿತು ಎನ್ನುವ ವಿವರ ಆಮದುದಾರರ ಕೈಯಲ್ಲೇ ಇರಬೇಕು. ಮತ್ತೆ 2025ರ ಮೇ 17ರಿಂದ ಅಲ್ಲಿನ ಸಿದ್ಧ ಉಡುಪು ಭೂಗಡಿಯಿಂದ ಬರುವಂತಿಲ್ಲ. ಮುಂಬೈ ಹತ್ತಿರದ ನ್ಹಾವಾ ಶೇವಾ, ಕೋಲ್ಕತ್ತಾ ಬಂದರುಗಳಿಗೆ ಮಾತ್ರ. ನಮಗೆ ಬೆಳಗಾವಿಯವರಿಗೆ ಇದರಿಂದ ದೊಡ್ಡ ತೊಂದರೆ ಏನಿಲ್ಲ. ನಮ್ಮ ಪೆಟ್ಟಿಗೆ ಹೇಗೂ ನ್ಹಾವಾ ಶೇವಾದಲ್ಲಿ ಇಳಿದು, ಪುಣೆ-ಕೊಲ್ಹಾಪುರದ ಹೆದ್ದಾರಿಯಲ್ಲಿ ಬರುತ್ತದೆ.

ಅನುಮಾನ ಉಳಿದರೆ

ಕೋಡ್ ಹಾಕುವುದು ಆಮದುದಾರರ ಜವಾಬ್ದಾರಿ. ಇದನ್ನು ಸ್ವಯಂ ಮೌಲ್ಯಮಾಪನ ಅನ್ನುತ್ತಾರೆ. ಬ್ರೋಕರ್ ಹಾಕಿದರು ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಸುಂಕ ಕಡಿಮೆ ಕಟ್ಟಿದ್ದು ಗೊತ್ತಾದರೆ ಎರಡು ವರ್ಷದೊಳಗೆ ನೋಟಿಸ್ ಬರಬಹುದು. ಬೇಕಂತಲೇ ಮುಚ್ಚಿಟ್ಟಿದ್ದಾರೆ ಎಂದು ಕಂಡರೆ ಐದು ವರ್ಷದವರೆಗೆ, ಬಡ್ಡಿ-ದಂಡ ಸೇರಿ. ಹಾಗಾಗಿ ಬಿಲ್ ಆಫ್ ಎಂಟ್ರಿಯಲ್ಲಿ ಉಡುಪಿನ ವಿವರ ಉದ್ದಕ್ಕೆ ಬರೆಸಿ. ‘ಲೇಡೀಸ್ ಸೂಟ್’ ಎಂದು ಎರಡು ಪದದಲ್ಲಿ ಮುಗಿಸಬೇಡಿ. ನೇಯ್ದದ್ದೋ ಹೆಣೆದದ್ದೋ, ಎಷ್ಟು ಪ್ಯಾನಲ್, ಗುಂಡಿಯೋ ಜಿಪ್ಪೋ, ಹೊರಮೈ ನೂಲು ಶೇಕಡಾ ಎಷ್ಟು, ಎಲ್ಲ ಇರಲಿ. ವಿವರ ಬಿಚ್ಚಿ ಬರೆದವರ ಮೇಲೆ ಮುಚ್ಚಿಟ್ಟ ಆರೋಪ ಹೊರಿಸುವುದು ಕಷ್ಟ.

ದೊಡ್ಡ ಆರ್ಡರ್, ಒಂದೇ ಮಾಲು ಪದೇಪದೇ ತರಿಸುತ್ತೀರಿ ಎಂದಾದರೆ ಅಡ್ವಾನ್ಸ್ ರೂಲಿಂಗ್, ಅಂದರೆ ಕೋಡ್ ಬಗ್ಗೆ ಮುಂಗಡ ತೀರ್ಪು ಕೇಳಿ. ದೆಹಲಿ ಮತ್ತು ಮುಂಬೈಯಲ್ಲಿ ಇದಕ್ಕೆಂದೇ ಪ್ರಾಧಿಕಾರ ಇದೆ, 2021ರಿಂದ ನಡೆಯುತ್ತಿದೆ. ಅರ್ಜಿಗೆ 10,000 ರೂಪಾಯಿ ಫೀ. ಮೂರು ತಿಂಗಳೊಳಗೆ ತೀರ್ಪು ಕೊಡಬೇಕು. ಕಾನೂನು ಬದಲಾಗದಿದ್ದರೆ ಅದು ಕೆಲವು ವರ್ಷ ನಿಮಗೂ ಕಸ್ಟಮ್ಸ್‌ನವರಿಗೂ ಅನ್ವಯಿಸುತ್ತದೆ. 40 ಕೋಟು ತರಿಸುವವರಿಗೆ ಇದು ದುಬಾರಿ, 4,000 ತರಿಸುವವರಿಗೆ ಅಗ್ಗ.

ಕಾಗದಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ನಾನು ಅದರ ಜೊತೆ ಒಂದು ಉದ್ದ ನೋಟ್‌ಬುಕ್ಕನ್ನೂ ಇಟ್ಟಿದ್ದೇನೆ. ಪ್ರತಿ ಮಾಲಿನ ಹೊರಮೈ ಬಟ್ಟೆಯ ಒಂದು ತುಂಡನ್ನು ಪುಟಕ್ಕೆ ಪಿನ್ ಮಾಡಿ ಪಕ್ಕದಲ್ಲಿ ಬರೆದಿರುತ್ತೇನೆ. ಮೊನ್ನೆಯ ಪುಟ ಹೀಗಿದೆ: ‘ವಕೀಲರ ಕಪ್ಪು ಕೋಟು. ನೇಯ್ದದ್ದು. ಕಾಜ ಬಲಕ್ಕೆ, ಗುಂಡಿ ಎರಡು, ಜಿಪ್ ಇಲ್ಲ. ಪ್ಯಾನಲ್ ಆರು, ಕಾಕಾ ಎಣಿಸಿದ್ದು. ಪ್ಯಾಂಟು ಜೊತೆಗಿಲ್ಲ. ಹೊರಮೈ ಪಾಲಿಯೆಸ್ಟರ್ 65, ವಿಸ್ಕೋಸ್ 35. ಜಾಕೆಟ್, ಸಿಂಥೆಟಿಕ್, 6204 33.’